ಬಾಲಮೂಳೆ ಆಪರೇಷನ್ ಆದ ಮೇಲೆ ಗಾಯ ನಂಜಾಗದಂತೆ ನೋಡಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಮೂಳೆ ತೆಗೆಸಿಕೊಂಡವರು, ತೆಗೆಸಿಕೊಳ್ಳಲಿರುವವರು, ಅವರ ಆರೈಕೆಗೆ ನಿಂತ ಮನೆಯವರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಲು ಜನ ನಾಚಿಕೊಳ್ಳುವ ಪ್ರಶ್ನೆಗಳೇ ಈ ಗಾಯದ ಮಟ್ಟಿಗೆ ಮುಖ್ಯವಾದವು. ಅದಕ್ಕಾಗಿ ಶೌಚದ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಸುತ್ತಿ ಬಳಸದೆ ಬರೆದಿದ್ದೇನೆ. ನಿಮ್ಮ ಗಾಯವನ್ನು ಕಣ್ಣಾರೆ ನೋಡಿರುವ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ.

## ಮೊದಲು ತಿಳಿಯಬೇಕಾದದ್ದು

ಇಷ್ಟು ಚಿಕ್ಕ ಮೂಳೆ ತೆಗೆದಿದ್ದಕ್ಕೆ ಸೋಂಕಿನ ಭಯ ಅಷ್ಟೊಂದು ಯಾಕೆ?

ಮೂಳೆ ಚಿಕ್ಕದು ನಿಜ, ಆದರೆ ಅದು ಇರುವ ಜಾಗ ಕಷ್ಟದ್ದು. ಬಾಲಮೂಳೆ ಎಂದರೆ ಬೆನ್ನುಮೂಳೆಯ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರರಿಂದ ಐದು ಪುಟ್ಟ ಮೂಳೆಗಳು. ಅದರ ತುದಿಗೂ ಗುದದ್ವಾರಕ್ಕೂ ನಡುವೆ ಕೆಲವೇ ಸೆಂಟಿಮೀಟರ್ ಅಂತರ. ಕರುಳಿನಲ್ಲಿ ನಿರುಪದ್ರವಿಯಾಗಿ ಇರುವ ಇ-ಕೋಲೈ, ಎಂಟೆರೋಕಾಕಸ್ ಮತ್ತು ಗಾಳಿಯಿಲ್ಲದೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ಅಷ್ಟು ದೂರ ದಾಟಿ ಗಾಯಕ್ಕೆ ಬಂದರೆ ಅಲ್ಲಿ ಕೀವು ಕಟ್ಟಿಸುತ್ತವೆ. ಚರ್ಮದ ಮೇಲೇ ವಾಸಿಸುವ ಸ್ಟಫೈಲೋಕಾಕಸ್ ಇದ್ದೇ ಇದೆ.

ಇದರ ಜೊತೆಗೆ ಇನ್ನೂ ಮೂರು ತೊಡಕು. ಪೃಷ್ಠದ ಸೀಳಿನಲ್ಲಿ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಮೂಳೆ ತೆಗೆದ ಜಾಗ ಟೊಳ್ಳಾಗಿ ಉಳಿದು ಅಲ್ಲಿ ರಕ್ತವೋ ನೀರೋ ತುಂಬಿಕೊಳ್ಳಬಹುದು. ಬ್ಯಾಕ್ಟೀರಿಯಾಕ್ಕೆ ಅದು ಸಿದ್ಧ ಊಟ. ಕೂತರೆ, ಬಗ್ಗಿದರೆ ಹೊಲಿಗೆಯ ಎರಡೂ ಅಂಚು ಎಳೆದುಕೊಳ್ಳುತ್ತವೆ.

ನೂರರಲ್ಲಿ ಎಷ್ಟು ಜನರಿಗೆ ಹೀಗಾಗುತ್ತದೆ?

ವರದಿಯಿಂದ ವರದಿಗೆ ಸಂಖ್ಯೆ ಬಹಳ ಬದಲಾಗುತ್ತದೆ. ಒಂದೂ ಸೋಂಕು ಆಗಲಿಲ್ಲ ಎಂದವರಿದ್ದಾರೆ, ಐವರಲ್ಲಿ ಒಬ್ಬರಿಗೆ ಆಯಿತು ಎಂದವರೂ ಇದ್ದಾರೆ. ಸಾಮಾನ್ಯವಾಗಿ ಕೇಳಿಬರುವ ಅಂದಾಜು ನೂರಕ್ಕೆ ಸುಮಾರು 10. ಈ ಆಪರೇಷನ್‌ನ ತೊಡಕುಗಳಲ್ಲಿ ಮೊದಲ ಸ್ಥಾನ ಗಾಯದ ಸೋಂಕಿಗೇ. ಸಮಾಧಾನದ ಮಾತೆಂದರೆ, ಹೆಚ್ಚಿನವು ಚರ್ಮದ ಮಟ್ಟದಲ್ಲೇ ನಿಲ್ಲುವಂಥವು. ಬೇಗ ಕಂಡುಹಿಡಿದರೆ ಡ್ರೆಸ್ಸಿಂಗ್ ಮತ್ತು ಮಾತ್ರೆಗಳಲ್ಲೇ ಮುಗಿಯುತ್ತವೆ.

ಎಷ್ಟು ದಿನದವರೆಗೆ ಹುಷಾರಾಗಿರಬೇಕು?

ಹೆಚ್ಚಿನ ಸೋಂಕುಗಳು ಮೊದಲ ವಾರದ ಕೊನೆಯಿಂದ ಮೂರನೇ ವಾರದ ಒಳಗೆ ತಲೆ ಎತ್ತುತ್ತವೆ. ಅಂದರೆ ಆಸ್ಪತ್ರೆಯಿಂದ ಮನೆಗೆ ಬಂದು, ‘ಇನ್ನೇನು ಆಯಿತಲ್ಲ’ ಎಂದು ಮನಸ್ಸು ಹಗುರಾಗುವ ಹೊತ್ತಿಗೆ ಸರಿಯಾಗಿ. ಆಪರೇಷನ್ ಗಾಯದ ಸೋಂಕನ್ನು ವೈದ್ಯರು ಸಾಮಾನ್ಯವಾಗಿ 30 ದಿನದವರೆಗೆ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಆಳದ್ದು ಇನ್ನೂ ತಡವಾಗಿಯೂ ಕಾಣಿಸಬಹುದು.

## ಆಪರೇಷನ್‌ಗೆ ಮುಂಚೆ

ಇನ್ನೂ ಒಂದು ತಿಂಗಳಿದೆ. ಈಗಿನಿಂದಲೇ ನಾನು ಮಾಡುವಂಥದ್ದು ಏನಾದರೂ ಇದೆಯೇ?

ಇದೆ. ಆ ಒಂದು ತಿಂಗಳು ನಿಮ್ಮ ಕೈಯಲ್ಲಿರುವ ದೊಡ್ಡ ಅವಕಾಶ. ಬೀಡಿ ಸಿಗರೇಟು ಸೇದುವವರಾದರೆ ಇಂದೇ ನಿಲ್ಲಿಸಿ. ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತ ಹೊರುವ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಗಾಯ ಮಾಯಲು ಬೇಕಾದದ್ದೇ ರಕ್ತ ಮತ್ತು ಆಮ್ಲಜನಕ. ನಾಲ್ಕು ವಾರ ಮೊದಲೇ ಬಿಟ್ಟವರಿಗೆ ಗಾಯದ ತೊಂದರೆ ಕಡಿಮೆ ಎಂಬುದು ಬೇರೆ ಬೇರೆ ಆಪರೇಷನ್‌ಗಳಲ್ಲಿ ಕಂಡ ಮಾತು. ಗಾಯ ಪೂರ್ತಿ ಮಾಯುವವರೆಗೂ ಮತ್ತೆ ಮುಟ್ಟಬೇಡಿ.

ಪೃಷ್ಠದ ಸೀಳಿನಲ್ಲಿ ಕುರು, ತುರಿ, ಗುಳ್ಳೆ, ಕೂದಲು ಒಳಸೇರಿ ಆಗುವ ಪೈಲೋನಿಡಲ್ ಸೈನಸ್ ಇದ್ದರೆ ಮೊದಲೇ ಹೇಳಿ. ಉರಿಮೂತ್ರ, ಹಲ್ಲಿನ ಬೇರಿನ ಕೀವು, ಕಾಲಿನ ಹುಣ್ಣು ಹೀಗೆ ಮೈಯಲ್ಲಿ ಬೇರೆಲ್ಲಿ ಸೋಂಕಿದ್ದರೂ ಅದು ವಾಸಿಯಾಗುವವರೆಗೆ ಆಪರೇಷನ್ ಮುಂದಕ್ಕೆ ಹಾಕುವುದೇ ಒಳ್ಳೆಯದು. ಬಾಲಮೂಳೆ ತೆಗೆಯುವುದು ತುರ್ತಿನ ಆಪರೇಷನ್ ಅಲ್ಲ, ಎರಡು ವಾರ ಕಾದರೆ ಏನೂ ಕೆಡುವುದಿಲ್ಲ. ಮಲಬದ್ಧತೆ ಇದ್ದವರು ಅದನ್ನೂ ಈಗಲೇ ಸರಿಮಾಡಿಕೊಳ್ಳಿ. ಆಪರೇಷನ್ ಆದ ಮೇಲೆ ಅದು ಇನ್ನೂ ಹಟ ಮಾಡುತ್ತದೆ.

ನನಗೆ ಸಕ್ಕರೆ ಕಾಯಿಲೆ ಇದೆ. ನನ್ನ ಗಾಯ ಮಾಯುವುದೇ ಇಲ್ಲವೇನೋ ಅಂತ ಹೆದರಿಕೆ.

ಮಾಯುತ್ತದೆ. ಸಕ್ಕರೆ ಹಿಡಿತದಲ್ಲಿದ್ದರೆ ಆಯಿತು. ರಕ್ತದಲ್ಲಿ ಸಕ್ಕರೆ ಏರಿದಾಗ ಬ್ಯಾಕ್ಟೀರಿಯಾ ನುಂಗಬೇಕಾದ ಬಿಳಿ ರಕ್ತಕಣಗಳು ಮಂದವಾಗುತ್ತವೆ, ಅಪಾಯ ಇರುವುದು ಅಲ್ಲಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ, ಮೊದಲು ಸಕ್ಕರೆ ಇಳಿಸಿ ಆಮೇಲೆ ಆಪರೇಷನ್ ಮಾಡೋಣ ಎನ್ನುವ ಸರ್ಜನ್‌ಗಳು ಅನೇಕರು. ಆಪರೇಷನ್ ದಿನ ಮತ್ತು ನಂತರದ ಕೆಲವು ದಿನ ಸಕ್ಕರೆ ಸುಮಾರು 180ರ ಒಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಊಟ, ಓಡಾಟ, ಔಷಧ ಎಲ್ಲ ಏರುಪೇರಾಗಿರುತ್ತದೆ, ಹಾಗಾಗಿ ಎಂದಿಗಿಂತ ಹೆಚ್ಚು ಸಲ ಪರೀಕ್ಷಿಸಿಕೊಳ್ಳಿ. ಕಾರಣವಿಲ್ಲದೆ ಸಕ್ಕರೆ ಏರತೊಡಗಿದರೆ ಗಾಯವನ್ನು ಒಮ್ಮೆ ನೋಡಿ. ಸೋಂಕಿನ ಮೊದಲ ಸುಳಿವು ಕೆಲವೊಮ್ಮೆ ಅದೇ.

ಹಿಂದಿನ ದಿನ ಅಲ್ಲಿನ ಕೂದಲು ಬೋಳಿಸಿಕೊಂಡು ಹೋಗಲೇ?

ಬೇಡ. ಬ್ಲೇಡು ತಾಗಿದರೆ ಕಣ್ಣಿಗೆ ಕಾಣದ ಗೀರುಗಳಾಗುತ್ತವೆ, ರಾತ್ರಿ ಕಳೆಯುವುದರೊಳಗೆ ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಕೂದಲು ತೆಗೆಯಲೇಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬೋಳಿಸಬಾರದೆಂದೇ ಹೇಳುತ್ತದೆ. ನೀವು ಮಾಡಬೇಕಾದದ್ದು ಹಿಂದಿನ ರಾತ್ರಿಯೋ ಆ ದಿನ ಬೆಳಿಗ್ಗೆಯೋ ಸೋಪು ಹಚ್ಚಿ ಚೆನ್ನಾಗಿ ಸ್ನಾನ. ಪೃಷ್ಠದ ಸೀಳನ್ನು ಮರೆಯದೆ ತೊಳೆದು ಒಣಗಿಸಿಕೊಳ್ಳಿ.

ಎನಿಮಾ ಕೊಡುತ್ತಾರಂತೆ. ಬೇಕೇ ಬೇಕಾ?

ಇದರಲ್ಲಿ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಕರುಳು ಖಾಲಿಯಿದ್ದರೆ ಮೊದಲ ಒಂದೆರಡು ದಿನ ಮಲವಿಸರ್ಜನೆ ಆಗುವುದಿಲ್ಲ, ಗಾಯದ ಅಂಚುಗಳು ಅಂಟಿಕೊಳ್ಳಲು ಅವಕಾಶ ಸಿಗುತ್ತದೆ ಎನ್ನುವುದು ಕೊಡುವವರ ವಾದ. ತಡವಾಗಿ ಕೊಟ್ಟ ಎನಿಮಾದ ನೀರು ಉಳಿದುಕೊಂಡು ಆಪರೇಷನ್ ನಡುವೆಯೇ ಸೋರಬಹುದು ಎನ್ನುವುದು ಬೇಡವೆನ್ನುವವರ ವಾದ. ಎರಡರಲ್ಲೂ ಹುರುಳಿದೆ. ಕೊಡುವುದಾದರೆ ಹಿಂದಿನ ದಿನವೇ ಕೊಟ್ಟು ಪೂರ್ತಿ ಹೊರಹೋಗಲು ಸಮಯ ಬಿಡುವುದು ಸರಿ ಅಂತ ನನಗನ್ನಿಸುತ್ತದೆ. ನೀವಾಗಿಯೇ ಮನೆಯಲ್ಲಿ ಬೇಧಿ ಔಷಧ ತೆಗೆದುಕೊಂಡು ಹೋಗುವುದಂತೂ ಬೇಡ.

ಹೋದ ತಿಂಗಳಷ್ಟೇ ಬಾಲಮೂಳೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಪರವಾಗಿಲ್ಲವೇ?

ತಾರೀಖು ಸಮೇತ ಸರ್ಜನ್‌ಗೆ ತಿಳಿಸಿ. ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಕೆಲವು ವಾರ ತಗ್ಗಿಸುತ್ತದೆ. ಕೀಲು ಬದಲಿ ಆಪರೇಷನ್‌ಗಳಲ್ಲಿ ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಕೈಹಾಕಿದರೆ ಸೋಂಕು ಹೆಚ್ಚೆಂದು ಗೊತ್ತಿರುವುದರಿಂದ ಬಾಲಮೂಳೆಗೂ ಕೆಲವರು ಅಷ್ಟೇ ಅಂತರ ಬಿಡುತ್ತಾರೆ.

## ಮನೆಗೆ ಬಂದ ಮೇಲೆ

ಡ್ರೆಸ್ಸಿಂಗ್ ದಿನಾ ಬಿಚ್ಚಿ ಬದಲಿಸಬೇಕೇ?

ಮೊದಲ 48 ಗಂಟೆ ಮುಟ್ಟದಿರುವುದೇ ಆರೈಕೆ. ಆ ಎರಡು ದಿನದಲ್ಲಿ ಚರ್ಮದ ಮೇಲ್ಪದರ ಕೂಡಿಕೊಂಡು ಹೊರಗಿನಿಂದ ಏನೂ ಒಳಹೋಗದಂತೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಬದಲಿಸಬೇಕಾದದ್ದು ಕ್ಯಾಲೆಂಡರ್ ನೋಡಿಕೊಂಡಲ್ಲ, ಡ್ರೆಸ್ಸಿಂಗ್ ನೋಡಿಕೊಂಡು. ಒದ್ದೆಯಾಗಿದೆ, ಅಂಚು ಎದ್ದಿದೆ, ಕೊಳೆಯಾಗಿದೆ ಎಂದರೆ ತಕ್ಷಣ ಬದಲಿಸಿ. ಒಣಗಿ ಗಟ್ಟಿಯಾಗಿ ಅಂಟಿಕೊಂಡಿದೆ ಎಂದರೆ ನರ್ಸ್ ಹೇಳಿದ ದಿನದವರೆಗೆ ಬಿಡಿ. ‘ಒಂದ್ಸಲ ನೋಡೋಣ’ ಎಂದು ಮತ್ತೆ ಮತ್ತೆ ಬಿಚ್ಚುವವರ ಗಾಯಕ್ಕೇ ಕೈಗಳಿಂದ ಸೋಂಕು ತಗಲುವ ಅವಕಾಶ ಹೆಚ್ಚು.

ಬದಲಿಸುವವರು ಸೋಪಿನಲ್ಲಿ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಹಳೆಯದನ್ನು ಬಿಚ್ಚಿದ ಮೇಲೆ ಇನ್ನೊಮ್ಮೆ ತೊಳೆದು ಆಮೇಲೆ ಹೊಸದನ್ನು ಮುಟ್ಟಬೇಕು. ಈ ಎರಡನೇ ಸಲದ ತೊಳೆಯುವಿಕೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪಟ್ಟಿಯ ಕೆಳಗಿನ ಅಂಚು, ಅಂದರೆ ಗುದದ್ವಾರದ ಕಡೆಗಿನದು, ಸುಕ್ಕಿಲ್ಲದೆ ಕೂರಬೇಕು. ಸೋರಿಕೆ ಒಳನುಗ್ಗುವುದು ಅಲ್ಲಿಂದಲೇ.

ಸ್ನಾನ ಯಾವಾಗ ಮಾಡಬಹುದು?

ಸಾಮಾನ್ಯವಾಗಿ 48 ಗಂಟೆಯ ನಂತರ ನಿಂತುಕೊಂಡು, ಮೇಲಿಂದ ನೀರು ಹರಿಯಬಿಟ್ಟು ಸ್ನಾನ ಮಾಡಬಹುದು. ಗಾಯವನ್ನು ಉಜ್ಜಬೇಡಿ, ಸೋಪಿನ ನೀರು ಹರಿದು ಹೋದರೆ ಸಾಕು. ಮುಗಿದ ಮೇಲೆ ಒಗೆದು ಒಣಗಿಸಿದ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಿ, ಸೀಳಿನೊಳಗೆ ತೇವ ಉಳಿಯದಂತೆ ನೋಡಿಕೊಳ್ಳಿ. ಟಬ್ಬಿನಲ್ಲಿ ಕೂರುವುದು, ಈಜುವುದು ಎಲ್ಲವೂ ಗಾಯ ಪೂರ್ತಿ ಮಾಯ್ದು ಸರ್ಜನ್ ಸರಿ ಅನ್ನುವವರೆಗೆ ಬೇಡ. ಬಿಸಿನೀರಿನ ತೊಟ್ಟಿಯಲ್ಲಿ ಕೂತರೆ ನೋವಿಗೆ ಹಿತ ಅನ್ನಿಸಬಹುದು, ಆದರೆ ಹೊಲಿಗೆ ನೆನೆದು ಮೆತ್ತಗಾಗುತ್ತದೆ, ಗುದದ ಬ್ಯಾಕ್ಟೀರಿಯಾ ಅದೇ ನೀರಿನಲ್ಲಿ ಗಾಯದವರೆಗೆ ಬರುತ್ತವೆ.

ಗಾಯ ನನ್ನ ಕಣ್ಣಿಗೇ ಕಾಣುವುದಿಲ್ಲ. ಒಬ್ಬಳೇ ಇರುತ್ತೇನೆ, ಏನು ಮಾಡಲಿ?

ಡ್ರೆಸ್ಸಿಂಗ್ ತೆಗೆದ ದಿನಗಳಲ್ಲಿ ಫೋನಿನಿಂದ ಒಂದು ಚಿತ್ರ ತೆಗೆದುಕೊಳ್ಳಿ. ಮಗ್ಗುಲಾಗಿ ಮಲಗಿ, ಮೇಲಿನ ಮಂಡಿ ತುಸು ಮಡಚಿ, ಕೈಯನ್ನು ಹಿಂದೆ ಚಾಚಿದರೆ ಸಿಗುತ್ತದೆ. ಪ್ರತಿ ಸಲ ಅದೇ ಬೆಳಕು, ಅದೇ ದೂರ. ನಾಲ್ಕು ಚಿತ್ರಗಳನ್ನು ಸಾಲಾಗಿ ನೋಡಿದಾಗ ಕೆಂಪು ಹರಡುತ್ತಿದೆಯೋ ಇಳಿಯುತ್ತಿದೆಯೋ ಸ್ಪಷ್ಟವಾಗುತ್ತದೆ. ಫೋನಿನಲ್ಲಿ ವಿವರಿಸಲು ತಡವರಿಸುವಾಗ ವೈದ್ಯರಿಗೂ ಇದು ಬಹಳ ಉಪಕಾರ. ಡ್ರೆಸ್ಸಿಂಗ್ ಬದಲಿಸಲು ಮಾತ್ರ ಬೇರೊಬ್ಬರ ಕೈ ಬೇಕು. ಯಾರೂ ಇಲ್ಲದಿದ್ದರೆ ಹತ್ತಿರದ ಕ್ಲಿನಿಕ್ಕಿನ ನರ್ಸ್ ಬಳಿ ಹೋಗುವ ಏರ್ಪಾಡನ್ನು ಆಪರೇಷನ್‌ಗೆ ಮುಂಚೆಯೇ ಮಾಡಿಕೊಳ್ಳಿ.

ಬೇಗ ಒಣಗಲಿ ಅಂತ ಪೌಡರ್, ಮುಲಾಮು, ಏನಾದರೂ ಹಚ್ಚಬಹುದೇ?

ವೈದ್ಯರು ಬರೆದುಕೊಟ್ಟದ್ದನ್ನು ಬಿಟ್ಟು ಬೇರೇನೂ ಬೇಡ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಗಾಢವಾದ ಆಂಟಿಸೆಪ್ಟಿಕ್ ದ್ರಾವಣ ಇವೆಲ್ಲ ಬ್ಯಾಕ್ಟೀರಿಯಾದ ಜೊತೆಗೆ ಆಗಷ್ಟೇ ಹುಟ್ಟುತ್ತಿರುವ ಹೊಸ ಜೀವಕೋಶಗಳನ್ನೂ ಸುಡುತ್ತವೆ. ಪೌಡರ್ ಬೆವರಿನ ಜೊತೆ ಸೇರಿ ಮುದ್ದೆಯಾಗಿ ಹೊಲಿಗೆಯೊಳಗೆ ಕೂರುತ್ತದೆ. ಹೊಲಿಗೆಯ ಮೇಲೆ ಚರ್ಮದ ಅಂಟು ಹಾಕಿದ್ದರೆ ಎಣ್ಣೆ, ವ್ಯಾಸಲೀನ್, ಮುಲಾಮು ಯಾವುದು ತಾಗಿದರೂ ಅದು ಕರಗಿ ಬೇಗ ಬಿಟ್ಟುಕೊಳ್ಳುತ್ತದೆ. ಆ ಅಂಟು 5ರಿಂದ 10 ದಿನದಲ್ಲಿ ತಾನಾಗಿ ಕಳಚುತ್ತದೆ, ಉಗುರು ಹಾಕಿ ಎಬ್ಬಿಸಬೇಡಿ.

ಯಾವಾಗಿನಿಂದ ಕೂರಬಹುದು? ರಿಂಗ್ ದಿಂಬು ತರಿಸಿಟ್ಟುಕೊಂಡಿದ್ದೇನೆ.

ಮೊದಲ ಎರಡು ಮೂರು ವಾರ ಮಗ್ಗುಲಾಗಿ ಅಥವಾ ಬೋರಲಾಗಿ ಮಲಗುವುದು, ನಿಲ್ಲುವುದು, ಮೆಲ್ಲಗೆ ನಡೆಯುವುದು ಇವೇ ನಿಮ್ಮ ದಿನಚರಿ. ಅಂಗಾತ ಮಲಗಿದರೂ ಗಾಯದ ಮೇಲೆ ಭಾರ ಬೀಳುತ್ತದೆ. ಊಟಕ್ಕೆ, ಶೌಚಕ್ಕೆ ಕೂರಲೇಬೇಕಾಗುತ್ತದೆ, ಅಷ್ಟು ಪರವಾಗಿಲ್ಲ. ಕೂರುವಾಗ ತುಸು ಮುಂದಕ್ಕೆ ಬಾಗಿ ಭಾರವನ್ನು ತೊಡೆಗಳ ಮೇಲೆ ಬಿಡಿ. ಒಂದೇ ಸಮನೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ.

ರಿಂಗ್ ದಿಂಬನ್ನು ನಾನು ಸೂಚಿಸುವುದಿಲ್ಲ. ನಡುವಿನ ತೂತಿಗೆ ಪೃಷ್ಠ ಇಳಿದಾಗ ಎರಡೂ ಬದಿ ಅಗಲಕ್ಕೆ ಎಳೆದು ಹೊಲಿಗೆ ಜಗ್ಗುತ್ತದೆ. ಹಿಂಭಾಗದಲ್ಲಿ ಬಾಲಮೂಳೆಯ ಜಾಗಕ್ಕೆ ಕಚ್ಚು ಬಿಟ್ಟಿರುವ, ಮುಂದಕ್ಕೆ ಇಳಿಜಾರಾದ ದಿಂಬು ಮೇಲು. ಕುರ್ಚಿಯಲ್ಲಿ ಕೂತಲ್ಲೇ ಹಿಂದೆ ಮುಂದೆ ಜಾರಬೇಡಿ, ಎದ್ದು ಜಾಗ ಬದಲಿಸಿ. ಒತ್ತಡಕ್ಕಿಂತಲೂ ಈ ಜಾರುವ ಎಳೆತವೇ ಹೊಲಿಗೆಯನ್ನು ಬಿಚ್ಚಿಸುವುದು.

ಸೀಳಿನಲ್ಲಿ ಬೆವರು ನಿಲ್ಲುವುದೇ ಇಲ್ಲ. ಅದಕ್ಕೇನು ಉಪಾಯ?

ಸಡಿಲವಾದ ಹತ್ತಿಯ ಒಳಉಡುಪು, ಬೆವರಿದರೆ ದಿನಕ್ಕೆ ಎರಡು ಸಲ ಬದಲಾವಣೆ. ಬಿಗಿ ಪ್ಯಾಂಟು ಬೇಡ. ದಿನಕ್ಕೆ ಎರಡು ಮೂರು ಸಲ ಇಪ್ಪತ್ತು ನಿಮಿಷ ಬೋರಲು ಮಲಗಿ ಗಾಳಿಯಾಡಲು ಬಿಡಿ. ಡ್ರೆಸ್ಸಿಂಗ್ ಬೇಡವೆಂದ ಮೇಲೂ ಎರಡು ಪೃಷ್ಠಗಳ ಚರ್ಮ ಒಂದಕ್ಕೊಂದು ಉಜ್ಜದಂತೆ ಒಣ ಗಾಜ್‌ನ ಮಡಿಕೆಯೊಂದನ್ನು ನಡುವೆ ಸಡಿಲವಾಗಿ ಇಟ್ಟುಕೊಳ್ಳಬಹುದು. ತೇವವಾದ ಕೂಡಲೇ ತೆಗೆದುಬಿಡಬೇಕು.

ಮುಟ್ಟಿನ ದಿನಗಳು ಬಂದರೆ?

ಉದ್ದನೆಯ ಪ್ಯಾಡ್ ಹಿಂಭಾಗದಲ್ಲಿ ಗಾಯದವರೆಗೆ ತಲುಪಿ ತೇವವನ್ನು ಅಲ್ಲೇ ಹಿಡಿದಿಡುತ್ತದೆ. ಚಿಕ್ಕ ಪ್ಯಾಡ್ ಬಳಸಿ, ತುಸು ಮುಂದಕ್ಕೆ ಹಾಕಿಕೊಳ್ಳಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಅಭ್ಯಾಸವಿರುವವರಿಗೆ ಕಪ್ ಇನ್ನೂ ಅನುಕೂಲ.

## ಶೌಚದ ವಿಷಯ

ಮೊದಲ ಸಲ ಮಲವಿಸರ್ಜನೆಗೆ ಹೋಗಲು ಜೀವ ನಡುಗುತ್ತಿದೆ. ಹೊಲಿಗೆ ಬಿಚ್ಚಿಹೋದರೆ?

ಈ ಭಯ ಎಲ್ಲರದ್ದೂ. ಭಯದಿಂದ ತಡೆಹಿಡಿದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದರೆ ತಿಣುಕಬೇಕಾಗುತ್ತದೆ, ತಿಣುಕಿದರೆ ಗಾಯದ ತಳದ ಸ್ನಾಯುಗಳು ಎಳೆಯುತ್ತವೆ. ಬಾಲಮೂಳೆಗೆ ಅಂಟಿಕೊಂಡಿದ್ದ ಕೆಲವು ಸ್ನಾಯುಗಳು ಮಲದ್ವಾರವನ್ನು ಹಿಡಿದಿಡುವ ಕೆಲಸದಲ್ಲೇ ಇರುವಂಥವು. ಅದಕ್ಕೇ ಇಲ್ಲಿ ತಿಣುಕುವುದು ಬೇರೆ ಆಪರೇಷನ್‌ಗಿಂತ ಹೆಚ್ಚು ತೊಂದರೆ. ಮೃದುವಾದ ಮಲ ಸರಾಗವಾಗಿ ಹೋದರೆ ಹೊಲಿಗೆಗೆ ಏನೂ ಆಗುವುದಿಲ್ಲ.

ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್‌ನಂಥ ಮಾತ್ರೆಗಳು ಕರುಳನ್ನು ನಿಧಾನ ಮಾಡುತ್ತವೆ. ಅವುಗಳ ಜೊತೆಯಲ್ಲೇ ಮಲ ಮೃದುಗೊಳಿಸುವ ಔಷಧ, ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್, ಮೊದಲ ದಿನದಿಂದಲೇ ಬೇಕೇ ಎಂದು ವೈದ್ಯರನ್ನು ಕೇಳಿ. ಮಲ ಕಟ್ಟಿದ ಮೇಲೆ ಶುರುಮಾಡುವುದಕ್ಕಿಂತ ಇದು ಎಷ್ಟೋ ಸುಲಭ. ಹಾಗಂತ ಬೇಧಿಯಾಗುವಷ್ಟು ತೆಗೆದುಕೊಳ್ಳಬೇಡಿ. ಬೇಕಾದದ್ದು ಮೆತ್ತಗಿನ, ಆಕಾರವಿರುವ ಮಲ. ನೀರು ಸಾಕಷ್ಟು ಕುಡಿಯಿರಿ, ಮನೆಯೊಳಗೇ ಆದರೂ ಓಡಾಡಿ.

ಕುಕ್ಕರಗಾಲಿನಲ್ಲಿ ಕೂತಾಗ ಸೀಳು ಪೂರ್ತಿ ಅಗಲವಾಗಿ ಚರ್ಮ ಬಿಗಿಯುತ್ತದೆ. ಕೆಲವು ವಾರ ಕಮೋಡ್ ಬಳಸಲು ಸಾಧ್ಯವಾದರೆ ಒಳ್ಳೆಯದು. ಪಾದದಡಿ ಒಂದು ತಗ್ಗಿನ ಮಣೆ ಇಟ್ಟು ಮುಂದಕ್ಕೆ ಬಾಗಿದರೆ ತಿಣುಕದೆ ಆಗುತ್ತದೆ. ಫೋನ್ ಹಿಡಿದು ಅರ್ಧ ಗಂಟೆ ಕೂರುವ ಅಭ್ಯಾಸವಿದ್ದರೆ ಬಿಡಿ. ಐದು ನಿಮಿಷದಲ್ಲಿ ಆಗದಿದ್ದರೆ ಎದ್ದು ಬನ್ನಿ.

ಮುಂದಿನಿಂದ ಹಿಂದಕ್ಕೆ ಒರೆಸಬೇಕು ಅಂತ ಚಿಕ್ಕಂದಿನಿಂದ ಕಲಿತಿದ್ದೇವೆ. ಈಗಲೂ ಹಾಗೇ ಮಾಡಬೇಕೇ?

ಇಷ್ಟೆಲ್ಲ ಪ್ರಶ್ನೆಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಆ ಪಾಠ ಮೂತ್ರನಾಳಕ್ಕೆ ಮಲ ತಾಗದಿರಲಿ ಎಂಬುದಕ್ಕೆ, ಅದು ಸರಿಯಾದ ಪಾಠವೇ. ಆದರೆ ಈಗ ನಿಮ್ಮ ಗಾಯ ಇರುವುದು ಗುದದ್ವಾರದ ಹಿಂದೆ. ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಎಳೆದು ಒರೆಸಿದರೆ ಮಲ ನೇರವಾಗಿ ಹೊಲಿಗೆಯ ಮೇಲೆ ಬರುತ್ತದೆ. ಹಿಂದಿನಿಂದ ಮುಂದಕ್ಕೆ ಎಳೆದರೆ, ವಿಶೇಷವಾಗಿ ಹೆಂಗಸರಿಗೆ, ಮೂತ್ರದ ಸೋಂಕು. ಹಾಗಾದರೆ ಎಳೆಯುವುದನ್ನೇ ಬಿಡಬೇಕು.

ಮೊದಲು ಮುಂಭಾಗವನ್ನು ಬೇರೆಯಾಗಿ ತೊಳೆದು ಒರೆಸಿ ಮುಗಿಸಿ. ಆಮೇಲೆ ಗುದದ್ವಾರವನ್ನಷ್ಟೇ ಕಡಿಮೆ ರಭಸದ ನೀರಿನಿಂದ ತೊಳೆಯಿರಿ, ಮೆತ್ತನೆಯ ಬಟ್ಟೆಯೋ ಟಿಶ್ಯೂವೋ ಒತ್ತಿ ಎತ್ತಿ, ಮತ್ತೆ ಹೊಸದು ತೆಗೆದುಕೊಂಡು ಒತ್ತಿ ಎತ್ತಿ. ಒಮ್ಮೆ ಒತ್ತಿದ್ದನ್ನು ಮತ್ತೆ ಬಳಸಬೇಡಿ. ಜೆಟ್ ಸ್ಪ್ರೇಯನ್ನು ಮುಂದಿನಿಂದ ರಭಸವಾಗಿ ಬಿಟ್ಟರೆ ಮಲದ ನೀರು ಚಿಮ್ಮಿ ಗಾಯಕ್ಕೆ ಹೋಗುತ್ತದೆ. ಗಾಯವನ್ನೂ ತೊಳೆಯಬೇಕಾಗಿ ಬಂದರೆ ನಿಂತು, ತುಸು ಬಾಗಿ, ಸೊಂಟದ ಕಡೆಯಿಂದ ಶುದ್ಧ ನೀರು ಕೆಳಕ್ಕೆ ಹರಿಯಬಿಡಿ. ನೀರು ಯಾವಾಗಲೂ ಗಾಯದಿಂದ ಗುದದ್ವಾರದ ಕಡೆಗೆ ಹೋಗಬೇಕು, ಅಲ್ಲಿಂದ ಇಲ್ಲಿಗೆ ಬರಬಾರದು. ಕೊನೆಗೆ ಸೋಪಿನಿಂದ ಕೈ.

ಆರೈಕೆ ಮಾಡುವವರಿಗೂ ಇದನ್ನು ಬಾಯಿಬಿಟ್ಟು ಹೇಳಿ. ರೋಗಿ ಸಂಕೋಚದಿಂದ, ಆರೈಕೆಯವರು ಹಳೆಯ ಅಭ್ಯಾಸದಿಂದ ಸುಮ್ಮನಿದ್ದು ಗಾಯ ಕೆಡುವುದು ಬೇಡ.

ಡ್ರೆಸ್ಸಿಂಗ್‌ಗೆ ಮಲ ತಾಗಿಬಿಟ್ಟಿತು. ಬೆಳಿಗ್ಗೆ ನರ್ಸ್ ಬರುವವರೆಗೆ ಕಾಯಲೇ?

ಕಾಯಬೇಡಿ. ನಡುರಾತ್ರಿಯಾದರೂ ಸರಿ, ಬಿಚ್ಚಿ, ಈಗಷ್ಟೇ ಹೇಳಿದಂತೆ ನೀರು ಹರಿಸಿ ತೊಳೆದು, ಒತ್ತಿ ಒಣಗಿಸಿ, ಹೊಸದು ಹಾಕಿ. ಇದಕ್ಕಾಗಿಯೇ ಎರಡು ಮೂರು ಡ್ರೆಸ್ಸಿಂಗ್ ಮನೆಯಲ್ಲಿ ಹೆಚ್ಚಿಗೆ ಇರಬೇಕು. ಒಮ್ಮೆ ತಾಗಿದ ಮಾತ್ರಕ್ಕೆ ಸೋಂಕಾಗುತ್ತದೆ ಎಂದೇನಿಲ್ಲ, ಗಂಟೆಗಟ್ಟಲೆ ಪಟ್ಟಿಯಡಿ ಉಳಿಯುವುದು ಅಪಾಯ.

ಆಂಟಿಬಯೋಟಿಕ್ ಶುರುವಾದಾಗಿನಿಂದ ಬೇಧಿ ಹತ್ತಿದೆ.

ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋಗುತ್ತಿದ್ದರೆ, ಹೊಟ್ಟೆ ನುಲಿತ ಅಥವಾ ಜ್ವರವೂ ಇದ್ದರೆ ಅಂದೇ ವೈದ್ಯರಿಗೆ ತಿಳಿಸಿ. ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕ್ಲಾಸ್ಟ್ರಿಡಿಯಮ್ ಡಿಫಿಸೈಲ್ ಎಂಬುದು ತಲೆ ಎತ್ತಿರಬಹುದು. ಅದಕ್ಕೆ ಬೇರೆಯೇ ಔಷಧ. ಕೇಳದೆ ಬೇಧಿ ನಿಲ್ಲಿಸುವ ಮಾತ್ರೆ ನುಂಗಬೇಡಿ.

## ಅನುಮಾನ ಬಂದಾಗ

ಅಂಚು ತುಸು ಕೆಂಪಗಿದೆ, ತಿಳಿ ನೀರಿನಂಥದ್ದು ಬರುತ್ತಿದೆ. ಸೋಂಕೇ?

ಮೊದಲ ಮೂರು ನಾಲ್ಕು ದಿನ ಹೊಲಿಗೆಯ ಉದ್ದಕ್ಕೂ ಕಿರಿದಾದ ಕೆಂಪು ಗೆರೆ, ಸುತ್ತ ನೀಲಿ ಕಂದಿಕೆ, ತಿಳಿ ಗುಲಾಬಿ ಬಣ್ಣದ ರಸಿಕೆ ಸಹಜ. ದಿನದಿಂದ ದಿನಕ್ಕೆ ಕಡಿಮೆಯಾಗಬೇಕು, ಅದೇ ಅಳತೆಗೋಲು. ಕಡಿಮೆಯಾಗಿದ್ದು ಮತ್ತೆ ಹೆಚ್ಚಾದರೆ, ಕೆಂಪು ಹರಡಿದರೆ, ಮುಟ್ಟಿದಾಗ ಬಿಸಿಯೆನಿಸಿದರೆ, ರಸಿಕೆ ಮಂದವಾಗಿ ಹಳದಿ ಹಸಿರಾದರೆ, ಕೆಟ್ಟ ವಾಸನೆ ಬಂದರೆ, ಅಂಚುಗಳು ಬಾಯಿಬಿಟ್ಟರೆ ಅದೇ ದಿನ ತೋರಿಸಬೇಕು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಅವರು ಬಿಸಿ, ಊತ, ನೋವು ಇವನ್ನು ಹೆಚ್ಚು ಗಮನಿಸಬೇಕು. ಕೆಂಪಿನ ಅಂಚಿನಲ್ಲಿ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಕೆಲವು ಗಂಟೆಗಳಲ್ಲಿ ಅದು ದಾಟಿತೋ ಇಲ್ಲವೋ ತಿಳಿಯುತ್ತದೆ.

ಆರು ವಾರ ಆಯಿತು, ನೋವು ಹೋಗಿಲ್ಲ. ಒಳಗೆ ಕೀವಾಗಿದೆಯೇ?

ನೋವೊಂದೇ ಇದ್ದರೆ ಹೆದರಬೇಡಿ. ಈ ಆಪರೇಷನ್‌ನ ಫಲ ನಿಧಾನ. ಪೂರ್ತಿ ಸಮಾಧಾನವೆನಿಸಲು ಹಲವು ತಿಂಗಳು, ಕೆಲವರಿಗೆ ಒಂದು ವರ್ಷವೇ ಹಿಡಿಯುತ್ತದೆ. ಕೂತಾಗ ಬಂದು ಎದ್ದಾಗ ಇಳಿಯುವ ನೋವು ಸಾಮಾನ್ಯವಾಗಿ ವಾಸಿಯಾಗುತ್ತಿರುವ ನೋವು. ಇಳಿಮುಖವಾಗಿದ್ದ ನೋವು ತಿರುಗಿ ಏರಿದರೆ, ರಾತ್ರಿ ಮಲಗಿದಾಗಲೂ ಟಕಟಕ ಮಿಡಿಯುತ್ತಿದ್ದರೆ, ಜ್ವರ ಸೇರಿಕೊಂಡರೆ ಅದು ಬೇರೆ ಕಥೆ.

ಯಾವಾಗ ಬೆಳಗಾಗುವುದನ್ನೂ ಕಾಯದೆ ಓಡಬೇಕು?

ಚಳಿ ನಡುಕದ ಜ್ವರ, ಎದೆಬಡಿತ ಅಥವಾ ಉಸಿರಾಟ ವೇಗವಾಗುವುದು, ಮಾತು ಮನಸ್ಸು ಗೊಂದಲವಾಗುವುದು, ಮೂತ್ರ ತೀರಾ ಕಡಿಮೆಯಾಗುವುದು, ಕೆಂಪು ಅಥವಾ ಕಪ್ಪು ಕಲೆ ಕಣ್ಣೆದುರೇ ಹರಡುವುದು. ನಂಜು ರಕ್ತಕ್ಕೆ ಏರಿದ ಲಕ್ಷಣಗಳಿವು, ನೇರ ತುರ್ತು ಚಿಕಿತ್ಸೆಗೆ ಹೋಗಿ. ಇವು ಇಲ್ಲದೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದ ಜ್ವರವಿದ್ದರೆ ಅಂದೇ ಫೋನ್ ಮಾಡಿ. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ, ಆದ್ದರಿಂದ ಮಾತ್ರೆಗೆ ಮೊದಲು ಥರ್ಮಾಮೀಟರ್ ಇಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಎರಡು ದಿನ ತಗೊಂಡು ನೋಡಲೇ?

ಖಂಡಿತ ಬೇಡ. ಅರೆಬರೆ ಔಷಧ ಮೇಲಿನ ಲಕ್ಷಣವನ್ನು ಮರೆಸಿ ಒಳಗಿನ ಕೀವನ್ನು ಬೆಳೆಯಬಿಡುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ಹುಡುಕುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಂತೆಯೂ ಮಾಡಿಬಿಡುತ್ತದೆ. ಮೊದಲು ಮಾದರಿ, ಆಮೇಲೆ ಮಾತ್ರೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಬ್ಬರಿಗೆ ಒಂದೇ ಡೋಸ್ ಆಂಟಿಬಯೋಟಿಕ್, ಇನ್ನೊಬ್ಬರಿಗೆ ಎರಡು ದಿನ. ಯಾವುದು ಸರಿ?

ಮುಖ್ಯವಾದದ್ದು ಮೊದಲ ಡೋಸಿನ ಸಮಯ. ಸೆಫಜೋಲಿನ್‌ನಂಥ ಔಷಧ ಕತ್ತಿ ಹಾಕುವ ಹಿಂದಿನ ಒಂದು ಗಂಟೆಯೊಳಗೆ ರಕ್ತಕ್ಕೆ ಸೇರಿರಬೇಕು. ಸಾಮಾನ್ಯ ಆಪರೇಷನ್‌ಗಳಲ್ಲಿ, ಹೊಲಿಗೆ ಮುಗಿದ ಮೇಲೆ ಮುಂದುವರಿಸಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲಮೂಳೆಯ ವಿಷಯದಲ್ಲಿ ಮಾತ್ರ ಕೆಲವು ಅನುಭವಿ ಸರ್ಜನ್‌ಗಳು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಹಿಡಿಯಲೆಂದು ಮೆಟ್ರೊನಿಡಜೋಲ್ ಸೇರಿಸಿ 24 ಅಥವಾ 48 ಗಂಟೆ ಕೊಡುತ್ತಾರೆ. ಇದಕ್ಕೆ ಕಾರಣವಿದೆ. ಆದರೆ ‘ಇರಲಿ’ ಎಂದು ಹತ್ತು ದಿನ ನುಂಗುವುದರಲ್ಲಿ ಲಾಭವಿಲ್ಲ, ಬೇಧಿ ಮತ್ತು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಅಪಾಯವಷ್ಟೇ ಹೆಚ್ಚು.

ಸೋಂಕು ತಡೆಯುವ ಬಗ್ಗೆ ಸರ್ಜನ್ ಹತ್ತಿರ ಏನು ಕೇಳಬೇಕು?

ಈ ಆಪರೇಷನ್ ಎಷ್ಟು ಮಾಡಿದ್ದೀರಿ, ನಿಮ್ಮ ರೋಗಿಗಳಲ್ಲಿ ಎಷ್ಟು ಜನರಿಗೆ ಗಾಯ ಕೆಟ್ಟಿತು ಎಂದು ನೇರವಾಗಿ ಕೇಳಿ. ಅಪರೂಪದ ಆಪರೇಷನ್ ಇದು, ಕೇಳುವ ಹಕ್ಕು ನಿಮಗಿದೆ. ಛೇದ ಎಲ್ಲಿ ಕೊನೆಯಾಗುತ್ತದೆ ಎಂಬುದನ್ನೂ ಕೇಳಿ. ಗುದದ್ವಾರಕ್ಕೆ ಹತ್ತಿರ ಹೋದಷ್ಟೂ ಕಷ್ಟ. ಕೆಲವರು ನಡುಗೆರೆ ಬಿಟ್ಟು ಪಕ್ಕದಲ್ಲಿ ಕತ್ತರಿಸುವುದೂ ಉಂಟು. ಗುದಭಾಗವನ್ನು ಅಂಟುಹಾಳೆಯಿಂದ ಬೇರ್ಪಡಿಸುವುದು, ಟೊಳ್ಳು ಉಳಿಯದಂತೆ ಪದರ ಪದರವಾಗಿ ಹೊಲಿಯುವುದು, ಮೇಲೆ ಚರ್ಮದ ಅಂಟು ಹಾಕಿ ಮುಚ್ಚುವುದು, ಆಪರೇಷನ್ ಉದ್ದಕ್ಕೂ ಮೈ ತಣ್ಣಗಾಗದಂತೆ ಬೆಚ್ಚಗಿಡುವುದು ಇವೆಲ್ಲ ಸೋಂಕು ತಗ್ಗಿಸಲೆಂದೇ ಮಾಡುವ ಕೆಲಸಗಳು.

ಸಿಆರ್‌ಪಿ ಹೆಚ್ಚಿದೆ ಅಂತ ರಿಪೋರ್ಟ್ ಬಂತು. ಸೋಂಕು ಖಚಿತವೇ?

ಅಲ್ಲ. ಸಿಆರ್‌ಪಿ ಎಂದರೆ ಮೈಯಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುವ ಒಂದು ಪ್ರೋಟೀನ್. ಯಾವ ಆಪರೇಷನ್ ಆದರೂ ಅದು ಏರುತ್ತದೆ, ಎರಡು ಮೂರನೇ ದಿನ ತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಒಂದು ರಿಪೋರ್ಟ್‌ಗಿಂತ ಎರಡರ ನಡುವಿನ ದಿಕ್ಕು ಮುಖ್ಯ. ಇಳಿದು ಮತ್ತೆ ಏರಿದರೆ ಸೋಂಕನ್ನು ಹುಡುಕಬೇಕು. ಆಳದಲ್ಲಿ ಕೀವಿನ ಗುಮಾನಿಯಿದ್ದರೆ, ಅಥವಾ ಉಳಿದ ಮೂಳೆಗೆ ತಗಲಿದೆಯೇ ಎಂದು ನೋಡಲು, ಎಂಆರ್‌ಐ ಮಾಡಿಸುತ್ತಾರೆ.

ರುಮಟಾಯ್ಡ್ ಸಂಧಿವಾತಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತೇನೆ. ನಿಲ್ಲಿಸಲೇ?

ನೀವಾಗಿ ನಿಲ್ಲಿಸಬೇಡಿ. ಮೆಥೊಟ್ರೆಕ್ಸೇಟ್ ಅನ್ನು ಹೆಚ್ಚಾಗಿ ಮುಂದುವರಿಸುತ್ತಾರೆ. ಬಯೋಲಾಜಿಕ್ ಇಂಜೆಕ್ಷನ್‌ಗಳಾದರೆ ಒಂದು ಡೋಸ್ ತಪ್ಪಿಸಿ ಆಪರೇಷನ್ ಮಾಡಿ, ಗಾಯ ಮಾಯ್ದ ಮೇಲೆ ಮತ್ತೆ ಶುರುಮಾಡುವುದು ರೂಢಿ. ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರು ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಸಂಧಿವಾತದ ವೈದ್ಯರೂ ಸರ್ಜನ್ನೂ ಪರಸ್ಪರ ಮಾತಾಡಿಕೊಳ್ಳಲಿ.

ಕೀವು ತೆಗೆದು ಗಾಯವನ್ನು ಹಾಗೇ ತೆರೆದು ಬಿಟ್ಟಿದ್ದಾರೆ. ಮರೆತರೇ? ಆಪರೇಷನ್ ವ್ಯರ್ಥವಾಯಿತೇ?

ಮರೆತಿಲ್ಲ. ಕೀವಿದ್ದ ಗಾಯದ ಬಾಯಿ ಹೊಲಿದರೆ ಒಳಗೇ ಮತ್ತೆ ಕಟ್ಟುತ್ತದೆ. ತೊಳೆದು, ಗಾಜ್ ತುಂಬಿ, ತಳದಿಂದ ಮಾಂಸ ತುಂಬಿ ಬರಲು ಬಿಡುತ್ತಾರೆ. ದೊಡ್ಡದಿದ್ದರೆ ಗಾಯಕ್ಕೆ ಸ್ಪಂಜಿಟ್ಟು ಯಂತ್ರದಿಂದ ದ್ರವ ಹೀರುವ ವ್ಯಾಕ್ ಡ್ರೆಸ್ಸಿಂಗ್ ಹಾಕುತ್ತಾರೆ. ವಾರಗಳು, ಕೆಲವೊಮ್ಮೆ ಎರಡು ಮೂರು ತಿಂಗಳು ಹಿಡಿಯುತ್ತದೆ, ಸಹನೆ ಬೇಡುವ ಕಾಲ ಇದು. ತಳದಲ್ಲಿ ಕೆಂಪಗೆ, ತೇವವಾಗಿ, ಹರಳು ಹರಳಾಗಿ ಕಾಣುವ ಮಾಂಸ ಒಳ್ಳೆಯ ಲಕ್ಷಣ, ಹೆದರಬೇಡಿ.

ಈ ಹೊತ್ತಿನಲ್ಲಿ ದೇಹಕ್ಕೆ ಪ್ರೋಟೀನ್ ಹೆಚ್ಚು ಬೇಕು, ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಆಪರೇಷನ್ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ಮೂಳೆ ಹೋಗಿದೆ, ಅದು ಕೊಡುತ್ತಿದ್ದ ನೋವಿನ ಮೂಲವೂ ಹೋಗಿದೆ. ಗಾಯ ಕೆಟ್ಟು ತಡವಾಗಿ ಮಾಯ್ದವರಲ್ಲೂ ಅನೇಕರು ಕೊನೆಗೆ ನೋವಿಲ್ಲದೆ ಕೂರುವಂತಾಗಿದ್ದಾರೆ.